ಅವ್ವನ ತೊಡೆಯಲ್ಲಿ ಜಮಾ ಆದ ಸುಣ್ಣ

ಎಳ್ಳ ಅಮಾವಾಸ್ಯೆಯ ದಿನ ಚಿತ್ತಾಪುರದ ಕಡೆ ಇರುವ ನಮ್ಮ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ ಮತ್ತು ಭಜ್ಜಿ ಉಂಡು, ಕತ್ತಲಾಗುವ ಹೊತ್ತಿಗೆ ಕಲಬುರಗಿಗೆ ಮರಳಿದಾಗ ಅವ್ವ ಎಡತೊಡೆಯ ಒಳಮಗ್ಗುಲು ಉರಿಯುತ್ತಿದೆ ಎಂದಳು. ದಿನವಿಡೀ ಹೊಲದಲ್ಲಿ ನೆಲದ ಮೇಲೆ ಕುಳಿತದ್ದಕ್ಕೆ ಹಾಗಾಗಿರಬೇಕು ಎಂದುಕೊಂಡು ಎಲ್ಲರೂ ಮಲಗಿದೆವು. ಆ ಉರಿ ಆರಲು ಒಂಬತ್ತು ತಿಂಗಳು ಹಿಡಿಯಿತು. ಕೊನೆಯ ಬ್ಯಾಂಡೇಜನ್ನು ಹೋದ ವಾರವಷ್ಟೇ ಬಿಚ್ಚಿದ್ದೇವೆ. ವರ್ಷಗಟ್ಟಲೆ ಡಯಾಲಿಸಿಸ್ ಮೇಲಿರುವವರ ಮನೆಯವರಿಗೆ ಉಪಯೋಗವಾದೀತೆಂದು ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಇಲ್ಲಿನ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಹೀಗಾಗಿ ಇಲ್ಲಿರುವ ಔಷಧಿಯ ಪ್ರಮಾಣಗಳೆಲ್ಲ ನಮ್ಮವ್ವನೊಬ್ಬಳ ಲೆಕ್ಕವೆಂದು ತಿಳಿಯಬೇಕು.

ಅವ್ವನಿಗೆ 58 ವರ್ಷ. ಸಕ್ಕರೆ ಕಾಯಿಲೆಯಿಂದ ಎರಡೂ ಕಿಡ್ನಿ ಹೋಗಿ ಎಂಟು ವರ್ಷಗಳಿಂದ ಡಯಾಲಿಸಿಸ್ ನಡೆದಿದೆ. ಬಿಪಿಎಲ್ ಕಾರ್ಡಿನ ಮೇಲೆ ವಾರಕ್ಕೆ ಎರಡು ಸಲ ಉಚಿತವಾಗಿ ಆಗುತ್ತಿತ್ತು. ವಾರಕ್ಕೆ ಮೂರು ಸಲ ಆಗಬೇಕೆಂಬುದು ನಮಗೆ ಗೊತ್ತಿತ್ತು, ಆದರೆ ಪಾಳಿ ಸಿಗುತ್ತಿರಲಿಲ್ಲ. ಸಿಕ್ಕಾಗಲೂ, ಸುಳ್ಳು ಏಕೆ ಹೇಳಬೇಕು, ಅವ್ವನಿಗೆ ದಣಿವಾಗುತ್ತದೆಂದು ನಾವೇ ಬಿಟ್ಟುಬಿಟ್ಟದ್ದುಂಟು.

ಉರಿ ಕಾಣಿಸಿಕೊಂಡ ನಾಲ್ಕನೆಯ ದಿನ ತೊಡೆಯ ಮೇಲೆ ನೇರಳೆ ಬಣ್ಣದ ಗೆರೆಗಳು ಬಲೆ ಹರಡಿದಂತೆ ಮೂಡಿದವು. ಚರ್ಮದ ಕೆಳಗೆ ಬೆರಳಿಟ್ಟರೆ ಹುಣಸೆ ಬೀಜ ಹುದುಗಿಸಿಟ್ಟಂತೆ ಗಟ್ಟಿ ಗಟ್ಟಿ ಗಂಟುಗಳು. ಸೀರೆಯ ಅಂಚು ತಾಗಿದರೂ ಅವ್ವ ಚೀರುತ್ತಿದ್ದಳು. ಓಣಿಯವರು ಸರ್ಪಸುತ್ತು ಎಂದರು. ನಾವೂ ನಂಬಿ ಕೆಮ್ಮಣ್ಣು ಹಚ್ಚಿಸಿದೆವು. ಮುಂದೆ ಚರ್ಮದ ವೈದ್ಯರೊಬ್ಬರು ಮುಲಾಮು ಬರೆದುಕೊಟ್ಟರು. ಅದನ್ನು ಹಚ್ಚುತ್ತಾ ಹನ್ನೆರಡು ದಿನ ಹೋಯಿತು, ಅಷ್ಟರಲ್ಲಿ ಗೆರೆಗಳ ನಡುಭಾಗ ಹೆಂಚಿನ ಮೇಲೆ ಸೀದ ರೊಟ್ಟಿಯಂತೆ ಕಪ್ಪಾಗಿ ಗಟ್ಟಿಯಾಯಿತು. ಶಸ್ತ್ರವೈದ್ಯರೊಬ್ಬರು ನೋಡಿ, ಸತ್ತ ಮಾಂಸವನ್ನು ಕೊಯ್ದು ತೆಗೆಯಬೇಕು, ನಾಳೆಯೇ ಸೇರಿಸಿ ಎಂದರು. ಅಂದು ನಮ್ಮನ್ನು ತಡೆದವನು ಡಯಾಲಿಸಿಸ್ ಕೇಂದ್ರದ ತಂತ್ರಜ್ಞ ಹುಡುಗ. ಸೂಜಿ ಚುಚ್ಚುತ್ತಲೇ ಗಾಯವನ್ನು ಕಂಡವನು, "ಅಣ್ಣಾರ, ಮೊದಲ ಕಿಡ್ನಿ ಡಾಕ್ಟ್ರಿಗೆ ತೋರಸ್ರಿ, ಸುಮ್ಮ ಕೊಯ್ಲಿಕ್ಕ ಕೊಡಬ್ಯಾಡ್ರಿ" ಎಂದ. ಆ ಮಾತಿಗೆ ನಾವು ಇಂದಿಗೂ ಋಣಿಗಳು.

ಮೂತ್ರಪಿಂಡ ತಜ್ಞರು ಗಾಯವನ್ನು ಮುಟ್ಟುವ ಮೊದಲು ಮೂರು ಪ್ರಶ್ನೆ ಕೇಳಿದರು. ರಕ್ತ ತೆಳುವಾಗಿಸುವ ಗುಳಿಗೆ ಯಾವುದು ನಡೆದಿದೆ? ಕ್ಯಾಲ್ಸಿಯಂ ಗುಳಿಗೆ ದಿನಕ್ಕೆ ಎಷ್ಟು? ಎಲೆ ಅಡಿಕೆ ಹಾಕುತ್ತಾರೆಯೇ? ಮೂರನೆಯ ಪ್ರಶ್ನೆಗೆ ಅವ್ವ ಸೊಂಟದ ಚೀಲದಿಂದ ಹಿತ್ತಾಳೆಯ ಸುಣ್ಣದ ಡಬ್ಬಿಯನ್ನು ತಾನಾಗಿಯೇ ತೆಗೆದು ಮೇಜಿನ ಮೇಲಿಟ್ಟಳು. ಅವರು ಅದರ ಮುಚ್ಚಳ ತೆರೆದು ನೋಡಿ, ನಗದೆ, "ಇದೂ ಲೆಕ್ಕಕ್ಕೆ ಬರ್ತದವ್ವಾ" ಎಂದರು.

ಕಾಯಿಲೆಯ ಹೆಸರು ಕ್ಯಾಲ್ಸಿಫೈಲ್ಯಾಕ್ಸಿಸ್. ಚರ್ಮಕ್ಕೂ ಅದರ ಕೆಳಗಿನ ಕೊಬ್ಬಿಗೂ ರಕ್ತ ಒಯ್ಯುವ ಕೂದಲೆಳೆಯಂಥ ನಾಳಗಳ ಗೋಡೆಯಲ್ಲಿ ಸುಣ್ಣ, ಅಂದರೆ ಕ್ಯಾಲ್ಸಿಯಂ, ಕಟ್ಟಿಕೊಂಡು, ದಾರಿ ಮುಚ್ಚಿ, ಆ ಭಾಗದ ಚರ್ಮ ಸಾಯುತ್ತದೆ. ಕಿಡ್ನಿ ನಿಂತವರ ರಕ್ತದಲ್ಲಿ ರಂಜಕ (ಫಾಸ್ಫರಸ್) ಏರುತ್ತದೆ. ಕತ್ತಿನಲ್ಲಿ ಥೈರಾಯ್ಡ್‌ನ ಹಿಂದಿರುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಕೆರಳಿ ಪಿಟಿಎಚ್ ಎಂಬ ಹಾರ್ಮೋನನ್ನು ಸುರಿಸುತ್ತವೆ. ಅದು ಎಲುಬಿನಿಂದ ಕ್ಯಾಲ್ಸಿಯಮ್ಮನ್ನು ಕಿತ್ತು ರಕ್ತಕ್ಕೆ ತಳ್ಳುತ್ತದೆ. ಹೃದಯದ ಬಡಿತ ತಪ್ಪುತ್ತದೆಂದು ಅವ್ವನಿಗೆ ಎರಡು ವರ್ಷಗಳಿಂದ ರಕ್ತ ತೆಳುವಾಗಿಸುವ ವಾರ್ಫರಿನ್ ನಡೆದಿತ್ತು. ನಾಳಗಳಲ್ಲಿ ಸುಣ್ಣ ಕೂರದಂತೆ ಕಾಯುವ ಒಂದು ಪ್ರೋಟೀನು ಕೆಲಸ ಮಾಡಲು ವಿಟಮಿನ್ ಕೆ ಬೇಕು, ವಾರ್ಫರಿನ್ ಆ ವಿಟಮಿನ್ನಿಗೇ ಅಡ್ಡಗಾಲು ಹಾಕುತ್ತದೆ. ಸ್ಥೂಲಕಾಯ, ಹೆಣ್ಣು, ಸಕ್ಕರೆ ಕಾಯಿಲೆ, ವಾರ್ಫರಿನ್, ಕ್ಯಾಲ್ಸಿಯಂ ಗುಳಿಗೆ, ಏರಿದ ರಂಜಕ: ಈ ಕಾಯಿಲೆಗೆ ದಾರಿಮಾಡುವ ಸಂಗತಿಗಳೆಂದು ಅವರು ಬೆರಳು ಮಡಿಸಿದ್ದರಲ್ಲಿ ಒಂದೂ ಅವ್ವನಿಗೆ ತಪ್ಪಿರಲಿಲ್ಲ.

ಗಾಯದ ಚೂರು ತೆಗೆದು ಪರೀಕ್ಷೆಗೆ ಕಳಿಸುವುದು ಬೇಡವೆಂದರು, ಏಕೆಂದರೆ ಆ ಕೊಯ್ದ ಜಾಗವೇ ಮಾಯದ ಹುಣ್ಣಾಗಬಹುದು. ತೊಡೆಯ ಎಕ್ಸ್‌ರೇ ತೆಗೆಸಿದರು. ಎಲುಬಿನ ಪಕ್ಕದಲ್ಲಿ ಕಾಣಬಾರದ ರಕ್ತನಾಳಗಳು ಬಿಳಿಯ ದಾರದಂತೆ ಕಾಣುತ್ತಿದ್ದವು. ಅವ್ವನನ್ನು ಹೊರಗೆ ಕೂರಿಸಿ ನನ್ನೊಬ್ಬನಿಗೆ ಹೇಳಿದರು: ಹುಣ್ಣು ಬಾಯ್ತೆರೆದ ಮೇಲೆ ವರ್ಷ ಕಳೆಯುವುದರೊಳಗೆ ಅರ್ಧಕ್ಕೂ ಹೆಚ್ಚು ರೋಗಿಗಳು ಉಳಿಯುವುದಿಲ್ಲ, ಹೆಚ್ಚಿನವರನ್ನು ಒಯ್ಯುವುದು ಗಾಯಕ್ಕೆ ತಗಲುವ ಸೋಂಕು. ಹೊರಗೆ ಬಂದಾಗ ಅವ್ವ "ಏನಂದ್ರು?" ಎಂದಳು. ಮುಲಾಮು ಬದಲಾಯಿಸಿದ್ದಾರೆ ಎಂದೆ.

ಮರುದಿನ ರಕ್ತ ಪರೀಕ್ಷೆಯ ವರದಿ ಬಂತು: ಕ್ಯಾಲ್ಸಿಯಂ 10.4, ರಂಜಕ 7.9, ಪಿಟಿಎಚ್ 1,180. ರಂಜಕವೂ ಪಿಟಿಎಚ್ಚೂ ಮಿತಿ ಮೀರಿದ್ದವು. ನಾನು ಹಳೆಯ ಫೈಲುಗಳನ್ನೆಲ್ಲ ಪರಸಿ ನೆಲದ ಮೇಲೆ ಹರವಿ ಕುಳಿತೆ. ಹಿಮೋಗ್ಲೋಬಿನ್, ಕ್ರಿಯಾಟಿನಿನ್ ಪ್ರತಿ ತಿಂಗಳೂ ಇದ್ದವು. ರಂಜಕವನ್ನು ಹದಿನಾಲ್ಕು ತಿಂಗಳಲ್ಲಿ ಎರಡು ಸಲ ನೋಡಿದ್ದರು, ಎರಡೂ ಸಲ 7ರ ಮೇಲಿತ್ತು. ಪಿಟಿಎಚ್ ಮಾಡಿಸಿಯೇ ಇರಲಿಲ್ಲ. ಮಿಲ್ಲಿನಲ್ಲಿ ಒಂದು ಚೀಲ ತೊಗರಿಯ ಲೆಕ್ಕ ತಪ್ಪಿದರೂ ಸಂಜೆಯೊಳಗೆ ಹುಡುಕಿ ತೆಗೆಯುವ ನಾನು ಮನೆಯ ಈ ಲೆಕ್ಕವನ್ನು ಒಮ್ಮೆಯೂ ತಿರುವಿ ಹಾಕಿರಲಿಲ್ಲ. ಡಯಾಲಿಸಿಸ್‌ನಲ್ಲಿರುವವರ ಮನೆಯವರು ಕ್ಯಾಲ್ಸಿಯಂ, ರಂಜಕ, ಅಲ್ಬುಮಿನ್ ಇವುಗಳನ್ನು ಪ್ರತಿ ತಿಂಗಳು, ಪಿಟಿಎಚ್ಚನ್ನು ಮೂರರಿಂದ ಆರು ತಿಂಗಳಿಗೊಮ್ಮೆ ಕೇಳಿ ಮಾಡಿಸಿಕೊಂಡು, ಒಂದೇ ಹಾಳೆಯಲ್ಲಿ ಒಂದರ ಕೆಳಗೊಂದು ಬರೆದಿಡಬೇಕು. ಬಿಡಿ ಬಿಡಿ ವರದಿಯಲ್ಲಿ ಕಾಣದ ಏರಿಕೆ ಹಾಗೆ ಬರೆದಾಗ ಕಣ್ಣಿಗೆ ಹೊಡೆಯುತ್ತದೆ.

ನಾನು ಲೆಕ್ಕ ಬರೆಯುವವನೆಂದು ತಿಳಿದ ವೈದ್ಯರು ಚೀಟಿಯ ಹಿಂಬದಿಯಲ್ಲಿ ಜಮಾ, ಖರ್ಚು ಎಂದು ಎರಡು ಕಾಲಂ ಎಳೆದರು. ಊಟದಲ್ಲಿ ದಿನಕ್ಕೆ ಸುಮಾರು 1,000 ಮಿಲಿಗ್ರಾಂ ರಂಜಕ ಹೋಗುತ್ತದೆ. ಅದರಲ್ಲಿ ನೂರಕ್ಕೆ 60 ಭಾಗ ಮೈಗೆ ಹತ್ತಿದರೂ ವಾರಕ್ಕೆ 4,200. ನಾಲ್ಕು ತಾಸಿನ ಒಂದು ಡಯಾಲಿಸಿಸ್ ತೆಗೆಯುವುದು 800ರಿಂದ 1,000. ಎರಡು ಸಲಕ್ಕೆ ಹೆಚ್ಚೆಂದರೆ 2,000. ಉಳಿದದ್ದು ಎಲ್ಲಿ ಹೋಯಿತು ಎಂದು ಕೇಳಿ ಪೆನ್ನನ್ನು ನನ್ನ ಕೈಗೆ ಕೊಟ್ಟರು. ನಾನು ಉತ್ತರ ಬರೆಯಲಿಲ್ಲ. ಅದು ಪಕ್ಕದ ಬೆಂಚಿನ ಮೇಲೆ ಕಾಲು ಚಾಚಿ ಕುಳಿತಿತ್ತು.

ಚಿಕಿತ್ಸೆ ಎಂದರೆ ಯಾವುದೋ ದೊಡ್ಡ ಇಂಜೆಕ್ಷನ್ ಇರಬೇಕೆಂದು ನಾವು ತಿಳಿದಿದ್ದೆವು. ಆದರೆ ಮೊದಲ ಹದಿನೈದು ದಿನ ಕೊಟ್ಟದ್ದಕ್ಕಿಂತ ಬಿಡಿಸಿದ್ದೇ ಹೆಚ್ಚು. ಕ್ಯಾಲ್ಸಿಯಂ ಗುಳಿಗೆ ನಿಂತಿತು. ಇದು ಊಟದ ಜೊತೆ ನುಂಗಿದರೆ ಅನ್ನದೊಳಗಿನ ರಂಜಕವನ್ನು ಹಿಡಿದಿಡಲೆಂದು ಕೊಟ್ಟ ಗುಳಿಗೆ. ನಾವು ಎಲುಬಿಗೆ ಶಕ್ತಿ ಬರಲೆಂದು ತಿಳಿದು ರಾತ್ರಿ ಮಲಗುವಾಗ ಬರಿಹೊಟ್ಟೆಯಲ್ಲಿ ಕೊಡುತ್ತಿದ್ದೆವು, ಸಾಲದ್ದಕ್ಕೆ ಅಂಗಡಿಯಿಂದ ಇನ್ನೊಂದು ಪಟ್ಟಿಯನ್ನು ನಾವೇ ತಂದಿದ್ದೆವು. ವಿಟಮಿನ್ ಡಿ ಗುಳಿಗೆ ನಿಂತಿತು. ಸುಣ್ಣದ ಡಬ್ಬಿ ನಿಂತಿತು. ಇನ್ಸುಲಿನ್ನನ್ನು ತೊಡೆಗೆ, ಹೊಟ್ಟೆಗೆ ಚುಚ್ಚುವುದನ್ನು ಬಿಡಿಸಿ, ಫಿಸ್ಟುಲಾ (ಡಯಾಲಿಸಿಸ್ ಸೂಜಿಗೆಂದು ಜೋಡಿಸಿದ ರಕ್ತನಾಳ) ಇಲ್ಲದ ತೋಳಿಗೆ ಬದಲಾಯಿಸಿದರು, ಏಕೆಂದರೆ ಕೊಬ್ಬಿರುವ ಜಾಗಕ್ಕೆ ಮತ್ತೆ ಮತ್ತೆ ಆಗುವ ಪೆಟ್ಟಿನಿಂದ ಅಲ್ಲಿಯೂ ಹುಣ್ಣು ಏಳಬಹುದು.

ವಾರ್ಫರಿನ್ ನಿಲ್ಲಿಸುವುದು ಮಾತ್ರ ಸುಲಭವಾಗಲಿಲ್ಲ. ಕಿಡ್ನಿ ವೈದ್ಯರು ಇಂದೇ ಬಿಡಿ ಎಂದರು. ಹೃದಯದ ವೈದ್ಯರು ಬಿಟ್ಟರೆ ಲಕ್ವಾ ಹೊಡೆದೀತು ಎಂದರು. ಒಬ್ಬರು ಆಡಿದ್ದನ್ನು ಇನ್ನೊಬ್ಬರಿಗೆ ಬಾಯಿಯಿಂದ ಒಪ್ಪಿಸುತ್ತಾ ಐದು ದಿನ ಎರಡು ಆಸ್ಪತ್ರೆಗಳ ನಡುವೆ ಅಲೆದೆ. ಕೊನೆಗೆ ಕಿಡ್ನಿ ವೈದ್ಯರಿಂದ ಕಾಯಿಲೆಯ ಹೆಸರು ಬರೆದ ಪತ್ರ ತೆಗೆದುಕೊಂಡು ಹೋದಾಗ ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ವಾರ್ಫರಿನ್ ಹೋಗಿ, ರಕ್ತ ತೆಳುವಾಗಿಸುವ ಇನ್ನೊಂದು ಗುಳಿಗೆ ಅಪಿಕ್ಸಬಾನ್ ಬಂತು. ಇಬ್ಬರು ವೈದ್ಯರ ನಡುವೆ ಮಾತು ಒಯ್ಯಬೇಕಾದವರು ಮೊದಲ ದಿನವೇ ಪತ್ರ ಕೇಳಿರಿ, ಮತ್ತು ನೀವಾಗಿಯೇ ಯಾವ ಗುಳಿಗೆಯನ್ನೂ ನಿಲ್ಲಿಸಬೇಡಿರಿ.

ಕ್ಯಾಲ್ಸಿಯಂ ಗುಳಿಗೆಯ ಜಾಗಕ್ಕೆ ಸೆವೆಲಾಮರ್ 800 ಬಂತು. ದೊಡ್ಡ ಗುಳಿಗೆ, ಅಗಿಯುವಂತಿಲ್ಲ, ಊಟದ ನಡುವೆಯೇ ನುಂಗಬೇಕು. ಮಲಬದ್ಧತೆಯಾಗುತ್ತದೆ. ತಿಂಗಳಿಗೆ ₹3,000. ಆಹಾರ ತಜ್ಞೆಯ ಮಾತು ನನಗೆ ಆಶ್ಚರ್ಯ ತಂದಿತು. ತೊಗರಿಬೇಳೆಯೇ ವೈರಿ ಎಂದುಕೊಂಡು ನಾನು ತಿಂಗಳೊಪ್ಪತ್ತಿನಿಂದ ಅವ್ವನ ತಾಟಿಗೆ ಬೇಳೆ ಬೀಳದಂತೆ ನೋಡಿಕೊಂಡಿದ್ದೆ. ಅವರು, ಕಾಳಿನ ರಂಜಕ ಪೂರ್ತಿ ಮೈಗೆ ಹತ್ತುವುದಿಲ್ಲ, ಬೇಯಿಸಿದ ನೀರು ಬಸಿದು ಒಂದು ಸಣ್ಣ ವಾಟಿ ಕೊಡಿ, ಪ್ರೋಟೀನು ಇಲ್ಲದೆ ಗಾಯ ಮಾಯುವುದಿಲ್ಲ ಎಂದರು. ಮೊಟ್ಟೆಯ ಬಿಳಿಭಾಗ ಎಲ್ಲಕ್ಕಿಂತ ಒಳ್ಳೆಯದು, ಆದರೆ ನಮ್ಮ ಮನೆಯಲ್ಲಿ ಅದು ಸಾಧ್ಯವಿರಲಿಲ್ಲ. ಹೆಚ್ಚುಕಡಿಮೆ ಪೂರ್ತಿ ಹತ್ತುವ ರಂಜಕ ಇರುವುದು ಕಪ್ಪು ಬಣ್ಣದ ಥಂಡಾ ಬಾಟಲಿಯಲ್ಲಿ, ಪೊಟ್ಟಣದ ತಿಂಡಿಗಳಲ್ಲಿ. ನೀರು ಕುಡಿಯುವಂತಿಲ್ಲವೆಂದು ಬೇಸಿಗೆಯಲ್ಲಿ ಅವ್ವನಿಗೆ ನಾವೇ ಪ್ರೀತಿಯಿಂದ ಎರಡೆರಡು ಗುಟುಕು ಥಂಡಾ ಕೊಡುತ್ತಿದ್ದೆವು.

ಡಯಾಲಿಸಿಸ್ ವಾರಕ್ಕೆ ನಾಲ್ಕಾಯಿತು. ಎರಡು ಹಳೆಯ ಕೇಂದ್ರದಲ್ಲಿ ಉಚಿತ, ಎರಡು ಖಾಸಗಿಯಲ್ಲಿ, ಒಂದಕ್ಕೆ ₹1,900. ಹೊಸ ಕೇಂದ್ರ ಸೇರುವಾಗ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ವರದಿಗಳು, ಒಣ ತೂಕ (ಮೈಯಲ್ಲಿ ಹೆಚ್ಚಿನ ನೀರಿಲ್ಲದಾಗಿನ ತೂಕ) ಬರೆದ ಡಯಾಲಿಸಿಸ್ ಚಾರ್ಟ್, ಆಧಾರ್, ರೇಷನ್ ಕಾರ್ಡು, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಎಲ್ಲವನ್ನೂ ಕೇಳಿದರು. ಹೆಪಟೈಟಿಸ್ ವರದಿ ಹಳೆಯದಾಯಿತೆಂದು ಒಂದು ದಿನ ವಾಪಸ್ ಕಳಿಸಿದರು. ಅವ್ವ ಗೇಟಿನ ಹೊರಗೆ ಆಟೋದಲ್ಲಿಯೇ ಮಲಗಿ ಎರಡು ತಾಸು ನರಳಿದಳು. ಎಲ್ಲದರ ಮೂರು ಮೂರು ಝೆರಾಕ್ಸ್ ಸದಾ ಚೀಲದಲ್ಲಿರಲಿ. ಯಂತ್ರದ ದ್ರಾವಣದಲ್ಲಿರುವ ಕ್ಯಾಲ್ಸಿಯಂ ಪ್ರಮಾಣವನ್ನೂ ಲೀಟರಿಗೆ 1.25 ಮಿಲಿಮೋಲಿಗೆ ಇಳಿಸಬೇಕಿತ್ತು. ಒಬ್ಬರಿಗಾಗಿ ಬೇರೆ ಕ್ಯಾನು ತರಿಸಲು ಒಂದು ಕೇಂದ್ರ ಒಪ್ಪಿತು, ಇನ್ನೊಂದು ಒಪ್ಪಲಿಲ್ಲ.

ಇನ್ನು ಸೋಡಿಯಂ ಥಯೋಸಲ್ಫೇಟ್. ಇದು ಸಯನೈಡ್ ವಿಷಕ್ಕೆ ಕೊಡುವ ಹಳೆಯ ಔಷಧಿ. ನಮ್ಮ ಕಾಕಾ ಹಿಂದೆ ಫೋಟೊ ಸ್ಟುಡಿಯೊದಲ್ಲಿದ್ದವರು, ಹೆಸರು ಕೇಳಿದೊಡನೆ "ಇದು ನಮ್ಮ ಹೈಪೋ ಅಲ್ಲೇನು, ಫೋಟೊ ತೊಳಿತಿದ್ದೆವಲ್ಲ" ಎಂದರು. ಅದೇ ಲವಣವಾದರೂ ರಕ್ತಕ್ಕೆ ಕೊಡುವುದು ಇಂಜೆಕ್ಷನ್ನಿಗೆಂದೇ ಶುದ್ಧವಾಗಿ ತಯಾರಿಸಿದ್ದು ಮಾತ್ರ. ಇದರಿಂದ ಗುಣವಾಗಿಯೇ ತೀರುತ್ತದೆಂಬ ಗಟ್ಟಿ ಪುರಾವೆಯಿಲ್ಲ, ಆದರೂ ಹಲವು ವರ್ಷಗಳಿಂದ ವೈದ್ಯರು ಬಳಸುತ್ತಾ ಬಂದಿದ್ದಾರೆ, ನೋವಾದರೂ ತಗ್ಗೀತು ಎಂದು ವೈದ್ಯರು ಮೊದಲೇ ಬಿಚ್ಚಿ ಹೇಳಿದರು. ನಾವು ಕೇಳಿದ ಕಲಬುರಗಿಯ ಔಷಧಿ ಅಂಗಡಿಗಳಲ್ಲಿ ಅದು ಇರಲಿಲ್ಲ. ನಮ್ಮ ಕಾರ್ಡಿನ ಪ್ಯಾಕೇಜಿನಲ್ಲಿ ಇದಕ್ಕೆ ಹಣ ಬರುವುದಿಲ್ಲ ಎಂದು ಕೌಂಟರಿನಲ್ಲಿ ಹೇಳಿದರು. ಹೈದರಾಬಾದಿನ ಸಗಟು ವ್ಯಾಪಾರಿಗೆ ಮುಂಗಡ ಕಟ್ಟಿ, ತೊಗರಿ ಒಯ್ಯುವ ನಮ್ಮ ಮಿಲ್ಲಿನ ಲಾರಿ ಮರಳುವಾಗ ತರಿಸಿಕೊಂಡೆ. ಹಾಗೆ ಬರುವಷ್ಟರಲ್ಲಿ ಹನ್ನೊಂದು ದಿನ ಕಳೆದಿದ್ದವು.

ಡಯಾಲಿಸಿಸ್‌ನ ಕೊನೆಯ ಒಂದು ತಾಸಿನಲ್ಲಿ ಇದನ್ನು ಹನಿಹನಿಯಾಗಿ ಕೊಡಬೇಕು. ಮೊದಲ ವಾರ 12.5 ಗ್ರಾಂ, ಆಮೇಲೆ 25 ಗ್ರಾಂ, ವಾರಕ್ಕೆ ಮೂರು ಸಲ. ಹಿಂದೆ ಯಾರಿಗೂ ಕೊಟ್ಟು ಗೊತ್ತಿರದ ಸಿಸ್ಟರ್ ಮೊದಲ ದಿನ ಕಾಲು ತಾಸಿನಲ್ಲಿಯೇ ಇಳಿಸಿಬಿಟ್ಟರು. ಅವ್ವ ಹಾಸಿಗೆಯ ಮೇಲೆಯೇ ವಾಂತಿ ಮಾಡಿಕೊಂಡಳು, ಬಿಪಿ 80ಕ್ಕೆ ಇಳಿಯಿತು, ಕಣ್ಣು ಮೇಲಾದವು. ನಾನು ಕಾಲು ಹಿಡಿದುಕೊಂಡು ನಿಂತಿದ್ದೆ, ಕಾಲು ತಣ್ಣಗಿತ್ತು. ಅಂದಿನಿಂದ ವೈದ್ಯರು ಬರೆದ ವೇಗವನ್ನು ದೊಡ್ಡ ಅಕ್ಷರದಲ್ಲಿ ಹಾಳೆಯ ಮೇಲೆ ಬರೆದು ಸ್ಟ್ಯಾಂಡಿಗೆ ಅಂಟಿಸತೊಡಗಿದೆ. ವಾಂತಿ ತಡೆಯುವ ಇಂಜೆಕ್ಷನ್ನನ್ನು ಅರ್ಧ ತಾಸು ಮುಂಚೆ ಕೊಡಿಸುತ್ತಿದ್ದೆವು. ಇದರಿಂದ ರಕ್ತದಲ್ಲಿ ಆಮ್ಲ ಏರುವುದರಿಂದ ಬೈಕಾರ್ಬನೇಟ್ ಪರೀಕ್ಷೆಯೂ ಆಗಾಗ ನಡೆಯುತ್ತಿತ್ತು.

ಮೂರನೆಯ ವಾರದ ಒಂದು ರಾತ್ರಿ ಅವ್ವ ತಾನಾಗಿಯೇ ಮಗ್ಗುಲು ಬದಲಿಸಿದಳು. ನಾನೂ ನನ್ನ ಹೆಂಡತಿಯೂ ಕತ್ತಲಲ್ಲಿ ಅದನ್ನು ಕೇಳಿಸಿಕೊಂಡೆವು, ಇಬ್ಬರೂ ಮಾತಾಡಲಿಲ್ಲ.

ಗಾಯ ಮಾತ್ರ ಅದೇ ಹೊತ್ತಿನಲ್ಲಿ ಇನ್ನಷ್ಟು ದೊಡ್ಡದಾಯಿತು. ಕರಿಯ ಹೊಪ್ಪಳೆ ಅಂಚಿನಲ್ಲಿ ಸಡಿಲವಾಗಿ, ಕೆಳಗೆ ಅಂಗೈ ಅಗಲದ ಹಳದಿ ಕುಳಿ ತೆರೆದುಕೊಂಡಿತು. ದಿನವೂ ಡ್ರೆಸ್ಸಿಂಗ್. ಮೊದಲು ಆಸ್ಪತ್ರೆಯಲ್ಲಿ, ಆಮೇಲೆ ಕಲಿತುಕೊಂಡು ಮನೆಯಲ್ಲಿ: ಸಲೈನಿನಿಂದ ನೆನೆಸಿ, ಹಳೆಯ ಪಟ್ಟಿ ತಾನಾಗಿ ಬಿಡುವತನಕ ಕಾಯಬೇಕು, ಎಳೆಯಬಾರದು. ಹೆಂಡತಿ ಇದನ್ನು ನನಗಿಂತ ಚೆನ್ನಾಗಿ ಮಾಡಿದಳು. ನನ್ನ ಕೈ ನಡುಗುತ್ತಿತ್ತು, ಅತ್ತೆಯ ಜೊತೆ ಧಾರಾವಾಹಿಯ ಕಥೆ ಮಾತಾಡುತ್ತಲೇ ಅವಳು ಕೆಲಸ ಮುಗಿಸುತ್ತಿದ್ದಳು. ಡಯಾಲಿಸಿಸ್‌ನವರಿಗೆ ನೋವಿಗೆ ಕೊಡುವ ಮಾರ್ಫಿನ್ ಮೈಯಲ್ಲಿ ಉಳಿದು ವಿಷವಾಗಬಹುದು ಎಂದು ಫೆಂಟನಿಲ್ ಪಟ್ಟಿಯನ್ನು ಚರ್ಮಕ್ಕೆ ಅಂಟಿಸಿದರು. ಎಲ್ಲ ಅಂಗಡಿಗಳಲ್ಲಿ ಅದು ಸಿಗುವುದಿಲ್ಲ, ಅದನ್ನು ಇಡಲು ಅನುಮತಿ ಇರುವ ಕಡೆ ಮೂಲ ಚೀಟಿ ತೋರಿಸಿ ತರಬೇಕು. ಪಟ್ಟಿಯ ಮೇಲೆ ಬಿಸಿ ತಾಗಿದರೆ ಔಷಧಿ ಒಮ್ಮೆಲೇ ಒಳಗಿಳಿಯುತ್ತದೆ, ಶಾಖದ ಚೀಲ ಇಡಲೇಬಾರದು. ನಮ್ಮ ಊರಿನ ಬೇಸಿಗೆಯ ಬಿಸಿಲಲ್ಲಿ ಅದೇ ಒಂದು ಚಿಂತೆ. ಶರಣಬಸವೇಶ್ವರರ ತೇರಿನ ದಿನ, ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ, ಅವ್ವನನ್ನು ಕೂಲರಿನ ಮುಂದೆ ಮಲಗಿಸಿ, ದೂರದ ಗದ್ದಲವನ್ನು ಅಲ್ಲಿಂದಲೇ ಕೇಳಿಸಿದೆವು. ಅವ್ವ ಮಲಗಿದಲ್ಲಿಯೇ ಕೈಮುಗಿದಳು.

ಮೇ ತಿಂಗಳಲ್ಲಿ ರಂಜಕ 5.2ಕ್ಕೆ ಇಳಿದಿತ್ತು, ಪಿಟಿಎಚ್ ಇನ್ನೂ 960. ಪಿಟಿಎಚ್ ಇಳಿಸಲು ಕೊಟ್ಟ ಸಿನಕಾಲ್ಸೆಟ್ ಗುಳಿಗೆ ಅವ್ವನಿಗೆ ವಾಕರಿಕೆ ತಂದು ಊಟವನ್ನೇ ಕೆಡಿಸಿತು. ಕಡೆಗೆ ಪ್ಯಾರಾಥೈರಾಯ್ಡ್ ಗ್ರಂಥಿಗಳನ್ನು ತೆಗೆಸುವುದೆಂದಾಯಿತು. ಜೂನ್ ಮೊದಲ ವಾರ ಹೈದರಾಬಾದಿಗೆ ಹೋದೆವು. ಹೊರಡುವ ಹಿಂದಿನ ಸಂಜೆ ಇಲ್ಲಿ ಡಯಾಲಿಸಿಸ್, ಮರುದಿನ ಸ್ಕ್ಯಾನ್, ಮೂರನೆಯ ದಿನ ಶಸ್ತ್ರಚಿಕಿತ್ಸೆ. ನಾಲ್ಕೂ ಗ್ರಂಥಿ ತೆಗೆದು, ಒಂದರ ಚೂರನ್ನು ಫಿಸ್ಟುಲಾ ಇಲ್ಲದ ಮುಂಗೈಯಲ್ಲಿ ನೆಟ್ಟರು. ಶಸ್ತ್ರಚಿಕಿತ್ಸೆ ಸುಸೂತ್ರವಾಯಿತು, ಕಷ್ಟ ಬಂದದ್ದು ಎರಡನೆಯ ರಾತ್ರಿ. ತುಟಿ ಜುಮ್ಮೆನ್ನುತ್ತದೆ, ಬೆರಳು ಸೆಟೆಯುತ್ತವೆ ಎಂದಳು. ಕ್ಯಾಲ್ಸಿಯಂ 6.7ಕ್ಕೆ ಕುಸಿದಿತ್ತು. ವರ್ಷಗಟ್ಟಲೆ ಸುಲಿಗೆಯಾದ ಎಲುಬು ಈಗ ಹಸಿದು ರಕ್ತದ ಕ್ಯಾಲ್ಸಿಯಮ್ಮನ್ನೆಲ್ಲ ಹೀರಿಕೊಳ್ಳುತ್ತದೆಯಂತೆ, ಹಸಿದ ಎಲುಬು ಎಂದೇ ಇದಕ್ಕೆ ಹೆಸರು. ನರಕ್ಕೆ ಕ್ಯಾಲ್ಸಿಯಂ ಹಚ್ಚಿದರು, ಆರು ತಾಸಿಗೊಮ್ಮೆ ರಕ್ತ ತೆಗೆದು ನೋಡಿ, ಅಗತ್ಯಕ್ಕಿಂತ ಏರದಂತೆ ಕಾದರು. ಅವ್ವ ಬಾಟಲಿ ನೋಡಿ, "ಸುಣ್ಣದ ಡಬ್ಬಿ ಕಸಗೊಂಡ್ರಿ, ಈಗ ಬಾಟ್ಲಿಗಟ್ಲೆ ನೀವೇ ಹಾಕ್ಲಕತ್ತೀರಿ" ಎಂದಳು. ನಾಲ್ಕು ದಿನವೆಂದು ಹೋದವರು ಹದಿಮೂರು ದಿನ ಉಳಿದೆವು. ಈ ಶಸ್ತ್ರಚಿಕಿತ್ಸೆಗೆ ಹೋಗುವವರು ಹೆಚ್ಚಿನ ದಿನಗಳಿಗೆ ಹಣವನ್ನೂ ಬಟ್ಟೆಯನ್ನೂ ಒಯ್ಯಿರಿ.

ಖರ್ಚಿನ ಲೆಕ್ಕ ಹೀಗಿದೆ: ಖಾಸಗಿ ಡಯಾಲಿಸಿಸ್ ಹದಿನೇಳು ವಾರಕ್ಕೆ ₹64,600, ಥಯೋಸಲ್ಫೇಟ್ ₹1,12,000, ಹೈದರಾಬಾದಿನ ಆಸ್ಪತ್ರೆ ₹1,65,000, ಡ್ರೆಸ್ಸಿಂಗ್ ₹22,000, ಸೆವೆಲಾಮರ್ ₹24,000. ಒಟ್ಟು ₹3,87,600. ಗಾಡಿ ಬಾಡಿಗೆ, ಊಟ, ವಸತಿ, ನಾನು ಕಳೆದುಕೊಂಡ ಸಂಬಳ ಇದರಲ್ಲಿಲ್ಲ. ಎರಡು ಲಕ್ಷವನ್ನು ಮಿಲ್ಲಿನ ಸಾಹುಕಾರರು ಸಂಬಳದಲ್ಲಿ ಮುರಿದುಕೊಳ್ಳುವ ಕರಾರಿನ ಮೇಲೆ ಕೊಟ್ಟರು.

ಶ್ರಾವಣದಲ್ಲಿ ಕುಳಿಯ ತಳ ಕೆಂಪಗಾಗಿ ಮೇಲೆದ್ದಿತು. ಗಣೇಶನನ್ನು ಕಳಿಸುವ ಹೊತ್ತಿಗೆ ಗಾಯ ಎರಡು ಬೆರಳಗಲ ಉಳಿಯಿತು. ಈಗ ಅಲ್ಲಿ ಹಿಂಜಿದ ಹತ್ತಿಯಂತೆ ಸುಕ್ಕಾದ ಬಿಳಿ ಕಲೆಯಿದೆ, ಮುಟ್ಟಿದರೆ ನೋವಿಲ್ಲ. ಡಯಾಲಿಸಿಸ್ ವಾರಕ್ಕೆ ಮೂರು ನಡೆದಿದೆ, ಮೂರನೆಯದಕ್ಕೂ ಉಚಿತ ಪಾಳಿ ಸಿಕ್ಕಿದೆ, ಬೆಳಗಿನ ನಾಲ್ಕಕ್ಕೆ ಮನೆ ಬಿಡಬೇಕಾಗುತ್ತದೆ, ಅಷ್ಟೇ. ಹೋದ ತಿಂಗಳ ರಂಜಕ 4.8. ಥಯೋಸಲ್ಫೇಟಿನ ಎಂಟು ಸೀಸೆ ಉಳಿದಿವೆ. ಅವುಗಳನ್ನು ವೈದ್ಯರಿಗೆ ತಿಳಿಸಿ ಡಯಾಲಿಸಿಸ್ ಕೇಂದ್ರದ ಕಪಾಟಿನಲ್ಲಿಟ್ಟಿದ್ದೇವೆ. ಅವಧಿ ಮುಗಿಯುವ ತಿಂಗಳನ್ನೂ, ಒಂದು ತಾಸಿಗಿಂತ ಬೇಗ ಇಳಿಸಬಾರದು ಎಂಬುದನ್ನೂ ಪೆಟ್ಟಿಗೆಯ ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.